ಏರಿ ಹತ್ತಿದ ಬೆಂಡಿನ ಅಶ್ವತ್ಥಮ್ಮನವರು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೆರೆಗಳಲ್ಲಿ ಬಲೆ ಬಿಡುವವರು ಬಲೆ ಹೆಣೆದವರ ಹೆಸರನ್ನು ಮರೆತರೂ ಮರೆತಾರು, ಬೆಂಡು ಕೆತ್ತಿದವರ ಹೆಸರನ್ನು ಮಾತ್ರ ಮರೆಯುವುದಿಲ್ಲ. ಬಲೆಯ ಮೇಲಂಚಿನ ಹಗ್ಗವನ್ನು ನೀರಿನ ಮೇಲೆ ಎತ್ತಿ ಹಿಡಿಯುವ ಆ ಹಗುರವಾದ ತುಂಡು ಸೋತರೆ ಮಿಕ್ಕದ್ದೆಲ್ಲ ಸೋತಂತೆಯೇ. ಕತ್ತಾಳೆಯ ಒಣದಂಟಿನಿಂದ ಬೆಂಡನ್ನು ಕೈಯಲ್ಲೇ ಕೆತ್ತುವವರ ಸಾಲಿನಲ್ಲಿ ಶ್ರೀಮತಿ ಅಶ್ವತ್ಥಮ್ಮನವರದು ಇಂದು ಮೊದಲನೆಯ ಹೆಸರು. ಬಹುಶಃ ಉಳಿದಿರುವ ಹೆಸರೂ ಅದೊಂದೇ. ನಮ್ಮ ಕೆರೆ ಮೀನುಗಾರರ ಸಂಘದ ಬಲೆಮನೆಯಲ್ಲಿ ದೀರ್ಘಕಾಲ ದುಡಿದು ಈ ಯುಗಾದಿಗೆ ನಿವೃತ್ತರಾದ ಅವರಿಗೆ ಸಲ್ಲುತ್ತಿರುವ ಈ ಸಂಪುಟದಲ್ಲಿ, ಅವರ ಕೆಲಸದ ಹಾದಿಯನ್ನೂ ಆ ಹಾದಿಯ ಕೊನೆಯಲ್ಲಿ ಅವರನ್ನು ಬಹಳ ಕಾಡಿದ ಒಂದು ಪ್ರಶ್ನೆಯನ್ನೂ ದಾಖಲಿಸುವುದು ಉಚಿತವೆನಿಸುತ್ತದೆ.

ಗೌನಿಪಲ್ಲಿಯ ಕಡೆಯ ಮಾವಿನ ತೋಪುಗಳ ನಡುವೆ ಹುಟ್ಟಿ, ತೆಲುಗನ್ನೇ ಮನೆಮಾತಾಗಿ ಆಡಿ ಬೆಳೆದ ಅಶ್ವತ್ಥಮ್ಮನವರು ಮದುವೆಯಾಗಿ ಸುಗಟೂರಿನ ಕಡೆಗೆ ಬಂದಾಗ ಅವರಿಗೆ ಕೆರೆಯೆಂದರೆ ಎಮ್ಮೆ ತೊಳೆಯುವ ಜಾಗವಷ್ಟೇ. ಮಾವ ಚನ್ನರಾಯಪ್ಪನವರು ಹಿತ್ತಿಲ ಹೊಂಗೆಯ ನೆರಳಲ್ಲಿ ಕೂತು ಬೆಂಡು ಕೆತ್ತುತ್ತಿದ್ದರು. ಹೊಸ ಸೊಸೆ ನೆರವಾಗಲು ಹೋಗಿ ಎಳೆಯ ದಂಟು ಸುಲಿದು, ಅದರ ರಸ ತಾಕಿ ಮೊಣಕೈವರೆಗೂ ತುರಿಕೆ ಹತ್ತಿ ಊದಿಕೊಂಡಾಗ, ಮಾವನವರು ತಾವೇ ಹರಳೆಣ್ಣೆ ತಂದುಕೊಟ್ಟು, ಸೊಸೆಗೆ ಅರ್ಥವಾಗಲೆಂದು ತೆಲುಗಿನಲ್ಲೇ ಹೇಳಿದರಂತೆ: "ಪಚ್ಚಿದಿ ಮುಟ್ಟೊದ್ದಮ್ಮಾ." ಹಸಿಯದನ್ನು ಮುಟ್ಟಬೇಡ ಎಂಬ ಆ ಮಾತೇ ಅವರ ಮೊದಲ ಪಾಠ.

ಆಮೇಲಿನದೆಲ್ಲ ನಿಧಾನವಾಗಿ ಕೈಗೆ ಬಂತು. ಹೂ ಬಿಟ್ಟು, ಮರಿಗಳನ್ನು ಉದುರಿಸಿ, ನಿಂತಲ್ಲೇ ಒಣಗಿದ ದಂಟನ್ನೇ ಆರಿಸಬೇಕು. ಮೇಲಿನ ಗಟ್ಟಿ ಸಿಪ್ಪೆ ತೆಗೆದು, ಒಳಗಿನ ಮೆತ್ತನೆಯ ತಿರುಳನ್ನು ಗೇಣುದ್ದ ಕತ್ತರಿಸಿ, ನಡು ದಪ್ಪ ತುದಿ ಸಣ್ಣ ಮಾಡಿ, ಕಾದ ಕಂಬಿಯಿಂದ ತೂತು ಸುಡಬೇಕು. ಹೊಂಗೆ ಎಣ್ಣೆಯಲ್ಲಿ ಮೇಣ ಕರಗಿಸಿ ಅದ್ದಿ, ನೆರಳಲ್ಲಿ ಒಣಗಿಸಿ, ಕೊಟ್ಟಿಗೆಯ ಕಲ್ಲುಬಾನಿಯಲ್ಲಿ ತೇಲಿಬಿಟ್ಟು ನೋಡಬೇಕು. ಬಾನಿಯಲ್ಲಿ ಗೆದ್ದದ್ದು ಮುಳಬಾಗಿಲಿನ ಹಗ್ಗದ ವ್ಯಾಪಾರಿ ಜನಾಬ್ ಅಜ್ಮತುಲ್ಲಾ ಅವರ ಕೈಗೆ ಹೋಗುತ್ತಿತ್ತು. ಬೆಂಡನ್ನು ಹಗ್ಗಕ್ಕೆ ಕಟ್ಟುವ ಕೆಲಸ ಅವರದು.

ಕಟ್ಟಿದ ಮೇಲೆ ಆ ಬೆಂಡು ಏನಾಯಿತೆಂದು ಕೆತ್ತಿದವರು ನೋಡುವಂತಿರಲಿಲ್ಲ. ತಾವು ಬೆಂಡು ಕೆತ್ತಿಕೊಟ್ಟ ಬಲೆ ನೀರಿನಲ್ಲಿರುವಾಗ ಕೆತ್ತಿದವರು ಕೆರೆಯ ಏರಿ ಹತ್ತಬಾರದು, ಅವರ ಕಣ್ಣು ಬಿದ್ದರೆ ಮೀನು ಬಲೆ ಬಿಟ್ಟು ಹೋಗುತ್ತದೆ ಎಂಬುದು ಆ ಕೇರಿಯ ಕಟ್ಟಳೆ. ಗಂಡಸು ಹೆಂಗಸೆಂಬ ಭೇದ ಅದಕ್ಕಿರಲಿಲ್ಲ. ಚನ್ನರಾಯಪ್ಪನವರೂ ಬಲೆ ಬಿಟ್ಟ ದಿನ ಜಗಲಿಯಲ್ಲಿ ಕೂತು ಗಂಡಸರು ಹಿಂದಿರುಗುವ ದಾರಿಯನ್ನೇ ಕಾಯುತ್ತಿದ್ದರು. ನೋಡಬೇಕೆನಿಸಲಿಲ್ಲವೇ ಎಂದು ಸೊಸೆ ಒಮ್ಮೆ ಕೇಳಿದ್ದಕ್ಕೆ, "ನಮ್ಮಪ್ಪನೂ ನೋಡಿಲ್ಲ, ನಾನೂ ನೋಡಿಲ್ಲ. ಬಾನೀಲಿ ತೇಲಿದ್ರೆ ಸಾಕು ಬಿಡಮ್ಮಾ," ಎಂದಿದ್ದರು. ಹಾಗೆಂದವರು ಬಹಳ ಹೊತ್ತು ಮಚ್ಚು ಮುಟ್ಟದೆ ಕೂತಿದ್ದರೆಂಬುದನ್ನು ಅಶ್ವತ್ಥಮ್ಮನವರು ಇಂದಿಗೂ ನೆನೆಯುತ್ತಾರೆ.

ಮಾವನವರ ನಂತರ ಸಂಘದ ಬಲೆಮನೆ ಅವರ ಪಾಲಿಗೆ ಬಂತು. ಹೊಸದಾಗಿ ಬಲೆ ಕೊಂಡವರು ಬಂದರೆ ಬೇಕಾದ್ದಕ್ಕಿಂತ ಒಂದು ಬೆಂಡು ಹೆಚ್ಚಿಗೆ ಕೊಟ್ಟು, "ಒಂದಾದ್ರೂ ಕಳ್ಕೊಳ್ತೀಯ, ಇಟ್ಕೊ," ಎನ್ನುವುದು ಅವರ ರೂಢಿ. ಅಜ್ಮತುಲ್ಲಾ ಅವರ ಮಗಳು ಪರ್ವೀನ್ ಬಾವಿಯಲ್ಲಿ ಈಜು ಕಲಿಯಲು ಹಟ ಹಿಡಿದಾಗ, ಬೆನ್ನಿಗೆ ಕಟ್ಟುವ ದಪ್ಪ ಬೆಂಡನ್ನು ಕೆತ್ತಿಕೊಟ್ಟಿದ್ದಲ್ಲದೆ, ಬಸ್ಸು ಹತ್ತಿ ಮುಳಬಾಗಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ನಿಂತು ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿದವರು ಅವರೇ. ಕೆರೆಗಳು ಬತ್ತಿ ಬಲೆಗಳೆಲ್ಲ ಅಟ್ಟ ಸೇರಿದ ವರ್ಷಗಳಲ್ಲಿ ರೇಷ್ಮೆ ಸಾಕುವವರ ಮುರಿದ ಬಿದಿರಿನ ಚಂದ್ರಿಕೆ ತಟ್ಟೆಗಳನ್ನು ಹೆಣೆದುಕೊಡುತ್ತಾ ಕಾಲ ನೂಕಿದರು. ಬಲೆಮನೆಯ ಬಾಗಿಲನ್ನು ಮಾತ್ರ ವಾರಕ್ಕೊಮ್ಮೆ ತೆಗೆದು ಕಸ ಗುಡಿಸುವುದನ್ನು ಬಿಡಲಿಲ್ಲ.

ಕೆಲವು ವರ್ಷಗಳ ಹಿಂದೆ ಪೈಪುಗಳಲ್ಲಿ ಹರಿದು ಬಂದ ನೀರಿನಿಂದ ಕೆರೆಗಳು ಮತ್ತೆ ತುಂಬಿದವು. ಬಲೆಗಳು ಅಟ್ಟದಿಂದಿಳಿದವು, ಅಜ್ಮತುಲ್ಲಾ ಅವರು ಹಗ್ಗದ ಸುರುಳಿ ಹೊತ್ತು ಬಸ್ಸಿಳಿದರು, ಅಶ್ವತ್ಥಮ್ಮನವರ ಮಚ್ಚು ಸಾಣೆ ಕಂಡಿತು. ಅವರ ಕೊನೆಯ ವರ್ಷದ ಕೆಲಸವಾಗಿ ಸಂಘ ಉದ್ದನೆಯ ಹೊಸ ಬಲೆಯೊಂದನ್ನು ಸಿದ್ಧಪಡಿಸಿತು. ಅದನ್ನು ಬಿಟ್ಟ ಮೊದಲ ಸಲವೇ ಬಲೆ ಅಲ್ಲಲ್ಲಿ ಮುಳುಗಿತು. ಎರಡನೆಯ ಸಲವೂ ಹಾಗೆಯೇ. ಬಲೆತಂಡದ ಹಿರಿಯರೂ ಅಶ್ವತ್ಥಮ್ಮನವರ ಗಂಡನ ಅಣ್ಣನವರೂ ಆದ ಸುಬ್ಬರಾಯಪ್ಪನವರು ಮನೆಗೆ ಬಂದು, ನೀರು ಕೂಡ ಕೇಳದೆ ನಿಂತಲ್ಲೇ ಹೇಳಿದರು: "ನಿನ್ ಬೆಂಡು ನೀರ್ ಕುಡೀತವಮ್ಮಾ."

ಪೇಟೆಯಿಂದ ಪ್ಲಾಸ್ಟಿಕ್ ಬೆಂಡು ತರಿಸುವ ಮಾತು ಸಂಘದಲ್ಲಿ ಎದ್ದಿತು. ಅದಕ್ಕೆ ಅಶ್ವತ್ಥಮ್ಮನವರು ಬೇಡವೆನ್ನಲಿಲ್ಲ. ಅವರನ್ನು ಸುಟ್ಟದ್ದು ಬೇರೆಯೇ. ಮುಳುಗಿದ್ದು ತನ್ನ ಕೈತಪ್ಪಿನಿಂದಲೋ ಮತ್ತಾವುದರಿಂದಲೋ ಎಂಬುದು ತಿಳಿಯದೆಯೇ ಮಚ್ಚು ಕೆಳಗಿಡಬೇಕಾಗಿ ಬಂದಿತ್ತು. ಬೆಂಡುಗಳನ್ನೆಲ್ಲ ಬಿಚ್ಚಿಸಿ ತಂದು ಬಾನಿಯಲ್ಲಿ ಬಿಟ್ಟರೆ ಒಂದೂ ಬಿಡದೆ ತೇಲಿದವು. ಅವುಗಳನ್ನು ಮತ್ತೆ ಕಟ್ಟಲು ಬಂದ ಅಜ್ಮತುಲ್ಲಾ ಅವರನ್ನು, ಕಣ್ಣಾರೆ ಕಂಡವರು ನೀವು, ಏನಾಗುತ್ತಿದೆ ಹೇಳಿ ಎಂದು ಕೇಳಿದರು. ಅವರು ತಲೆ ಕೆರೆದುಕೊಂಡರು. "ನಾನು ಹಗ್ಗ ನೋಡ್ತೀನಿ ಅಕ್ಕಾ, ಬೆಂಡು ನೋಡೋ ಕಣ್ಣು ನಂದಲ್ಲ. ನೀವೇ ಬಂದ್ ನೋಡ್ರಿ."

ಮೂರನೆಯ ಸಲ ಬಲೆ ಬಿಟ್ಟ ಬೆಳಗ್ಗೆ ಅಶ್ವತ್ಥಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿ ಹತ್ತಿದರು. ಸುಬ್ಬರಾಯಪ್ಪನವರು ಅಡ್ಡ ಬಂದರು.

"ಯಾಕಮ್ಮಾ ಹತ್ತಿದ್ದು? ಮೀನು ಹೋದ್ರೆ ಯಾರು ಹೊಣೆ?"

"ಮೀನು ಹೋದ್ರೆ ನಾಳೆ ಬರ್ತವೆ ಬಾವಾ. ನಾನು ನೋಡ್ದೆ ಮನೇಗ್ ಹೋದ್ರೆ ಈ ದಿನ ಮತ್ತೆ ಬರಲ್ಲ."

ತೆಪ್ಪದ ಮೇಲಿದ್ದ ಸುಬ್ಬರಾಯಪ್ಪನವರ ಮಗ ಗೋಪಿ ಅಲ್ಲಿಂದಲೇ ಕೂಗಿದ: "ಹೋದ್ ಸಲ ಚಿಕ್ಕಮ್ಮ ಬಂದಿರ್ಲಿಲ್ವಲ್ಲಪ್ಪಾ, ಆಗ ಬಿದ್ದಿದ್ದೇನು? ನಾಕು ಜಿಲೇಬಿ ಮೀನು." ದಡದಲ್ಲಿದ್ದವರು ನಕ್ಕರು. ಸುಬ್ಬರಾಯಪ್ಪನವರು ನಗಲಿಲ್ಲ; ಆದರೆ ಪಕ್ಕಕ್ಕೆ ಸರಿದರು.

ತೂಬಿನಿಂದ ಕೋಡಿಯವರೆಗೆ ಬಾಗಿ ನಿಂತ ಬೆಂಡುಗಳ ಸಾಲನ್ನು ಅಶ್ವತ್ಥಮ್ಮನವರು ಅಂದು ಮೊದಲ ಬಾರಿಗೆ ಕಂಡರು. ಸಣ್ಣ ಅಲೆಗೆ ಒಂದು ಏಳುವುದು, ಅದರ ಪಕ್ಕದ್ದು ಇಳಿಯುವುದು, ಆಚೆಯದು ಮತ್ತೆ ಏಳುವುದು. ಬಾನಿಯ ನಿಂತ ನೀರಿನಲ್ಲಿ ಅವು ಎಂದೂ ಹೀಗೆ ಆಡಿರಲಿಲ್ಲ. ಮಾವನವರು ಒಂದು ಸಲವಾದರೂ ಹತ್ತಿ ಬರಬೇಕಿತ್ತು ಎಂದು ಅವರಿಗನಿಸಿತು. ಅಷ್ಟರಲ್ಲಿ ಕೋಡಿಯ ಕಡೆ ತೆಪ್ಪದವರು ಬಲೆಯನ್ನು ಜಗ್ಗಿದರು. ಐದಾರು ಬೆಂಡುಗಳು ಒಟ್ಟಿಗೇ ಗುಳುಕ್ಕನೆ ಒಳಗೆ ಹೋದವು.

"ನೀರು ಕುಡಿದ ಬೆಂಡು ನಿಧಾನಕ್ಕೆ ಕೂತ್ಕೊಳ್ತದೆ ಬಾವಾ," ಎಂದರು ಅಶ್ವತ್ಥಮ್ಮನವರು. "ಇವು ಹಂಗಲ್ಲ. ಕೆಳಗಡೆ ಏನೋ ಹಿಡ್ಕೊಂಡಿದೆ."

ಗೋಪಿ ಮುಳುಗಿ ಎದ್ದಾಗ ಅವನ ಕೈಯಲ್ಲಿ ಕಪ್ಪಗಾದ ಜಾಲಿಯ ಕೊಂಬೆಯಿತ್ತು, ಮುಂಗೈಯಲ್ಲಿ ರಕ್ತವಿತ್ತು. ಕೆರೆ ಒಣಗಿದ್ದಾಗ ಅದರ ಅಂಗಳದಲ್ಲಿ ಅಲ್ಲಲ್ಲಿ ಬೆಳೆದಿದ್ದ ಜಾಲಿ, ನೀರು ಬಂದ ಮೇಲೆ ನಿಂತಲ್ಲೇ ಮುಳುಗಿ, ಮುಳ್ಳು ಚಾಚಿಕೊಂಡು ಬಲೆಗಾಗಿ ಕಾದಿತ್ತು. ಆ ಅಂಗಳದಲ್ಲೇ ಕ್ರಿಕೆಟ್ ಆಡುತ್ತಾ ಬೆಳೆದವರೂ ಅದನ್ನು ಮರೆತಿದ್ದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ತಪ್ಪೆಲ್ಲ ಜಾಲಿಯ ಪಾಲಾಗುತ್ತಿತ್ತು. ಅಶ್ವತ್ಥಮ್ಮನವರು ತೂಬಿನ ಕಡೆಗೂ ನಡೆದರು. ಅಲ್ಲಿನ ಬೆಂಡುಗಳು ಮುಳುಗಿರಲಿಲ್ಲ, ಆದರೆ ಕುತ್ತಿಗೆಯವರೆಗೆ ನೀರಿಗಿಳಿದು ಕೂತಿದ್ದವು. ನಿಂತು ಒಣಗಿದ ದಂಟು ಸಾಲದಾದಾಗ, ನಂಗಲಿಯ ಕಡೆ ರಸ್ತೆ ಅಗಲ ಮಾಡಲು ಉರುಳಿಸಿದ್ದ ಕತ್ತಾಳೆಗಳಿಂದ ಅವರು ತರಿಸಿಕೊಂಡಿದ್ದ ದಂಟುಗಳಲ್ಲಿ ಕೆತ್ತಿದವು ಅವು. ಹೊರಗೆ ಒಣಗಿದಂತೆ ಕಂಡರೂ ತಿರುಳಿನಲ್ಲಿ ಹಸಿಯಿತ್ತು. ಹೊರೆಯಿಲ್ಲದ ಬಾನಿಯಲ್ಲಿ ತೇಲಿದವು, ಬಲೆಯ ಕೆಳಂಚಿನ ಗುಂಡುಗಳ ಭಾರಕ್ಕೆ ಬಗ್ಗಿದವು.

"ಜಾಲಿ ಹತ್ರದವು ನನ್ನ ತಪ್ಪಲ್ಲ," ಎಂದರು ಅವರು. "ಇವು ನಂದೇ."

ಸುಬ್ಬರಾಯಪ್ಪನವರು ಹೆಗಲ ಟವೆಲ್ಲನ್ನು ತೂಬಿನ ಕಲ್ಲಿನ ಮೇಲೆ ಹಾಸಿ, "ಬಂದಿದ್ದೀಯ, ಕೂತ್ಕೊಂಡು ನೋಡು," ಎಂದರು.

ಹಸಿದಂಟಿನ ಬೆಂಡುಗಳ ಜಾಗಕ್ಕೆ ಈಗ ಪ್ಲಾಸ್ಟಿಕ್ ಬಂದಿದೆ. ತರಿಸಿ ಎಂದು ಸಂಘಕ್ಕೆ ಹೇಳಿದವರು ಅಶ್ವತ್ಥಮ್ಮನವರೇ. ಉಳಿದ ಬಲೆಯನ್ನು ಅವರ ಬೆಂಡುಗಳು ಹೊತ್ತಿವೆ. ಏರಿ ಹತ್ತಬಾರದೆಂದಿದ್ದ ಕೇರಿ ಇಂದು ಹೊಸ ಬಲೆ ಬಿಡುವ ಮುನ್ನ ಅವರನ್ನು ಕರೆದುತರಲು ಸೈಕಲ್ ಕಳಿಸುತ್ತದೆ. ಅವರು ಬಂದು ನಿಲ್ಲುವವರೆಗೂ ತೆಪ್ಪ ದಡ ಬಿಡುವುದಿಲ್ಲ.

ನಿವೃತ್ತಿಯ ಮರುವಾರವೇ ಅವರು ಬಲೆಮನೆಯ ಹಿಂದಿನ ಬರಡು ನೆಲದಲ್ಲಿ ಕತ್ತಾಳೆಯ ಮರಿಗಳನ್ನು ಸಾಲಾಗಿ ನೆಟ್ಟಿದ್ದಾರೆ. ಆ ಗಿಡ ಬಲಿತು ದಂಟು ಬಿಡಲು ಹತ್ತಾರು ವರ್ಷ ಬೇಕು, ಬಿಟ್ಟ ದಂಟು ನಿಂತಲ್ಲೇ ಒಣಗಲು ಇನ್ನಷ್ಟು ಕಾಲ. ಆ ದಂಟುಗಳನ್ನು ತಮ್ಮ ಕೈಯಿಂದಲೇ ಕಡಿಯುವಷ್ಟು ಆಯುಸ್ಸನ್ನೂ, ಕೆತ್ತುವಷ್ಟು ಕಣ್ಣಿನ ಬೆಳಕನ್ನೂ, ಕೆತ್ತಿದ್ದನ್ನು ಏರಿಯ ಮೇಲೆ ಕೂತು ನೋಡುವಷ್ಟು ಬಿಡುವನ್ನೂ ಕಾಲವು ಅಶ್ವತ್ಥಮ್ಮನವರಿಗೆ ಕರುಣಿಸಲಿ.