ಬೀಗರು ಕೊಟ್ಟ ಟ್ಯಾಂಕು

ಹೋದ ವಾರ ನನ್ನ ತಮ್ಮನ ಮನೆಯ ಹಿತ್ತಲ ಒಲೆಗೆ ಒಂದು ಕೊಡ ನೀರು ಸುರಿದೆ. ಉರಿಯುತ್ತಿದ್ದ ಒಲೆಗೆ. ಅದೂ ಬೀಗರು ಹಬ್ಬಕ್ಕೆ ಬರುವ ದಿನ. ಒಲೆಗೆ ನೀರು ಹೊಯ್ಯಬಾರದು ಅಂತ ನನಗೂ ಗೊತ್ತು (ನಮ್ಮಮ್ಮ ಅದಕ್ಕೇ ನನಗೆ ಹೊಡೆದಿದ್ದಳು). ಆದರೆ ಮನೆಯೇ ಹಾರಿಹೋದ ಮೇಲೆ ಒಲೆ ಯಾರಿಗೆ ಬೇಕು?

ತಮ್ಮ ರಂಗಪ್ಪ ಇರುವುದು ಲಕ್ಕವಳ್ಳಿ ಹತ್ತಿರ. ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ. ಮಗನ ಮದುವೆಯಲ್ಲಿ ಬೀಗರು ದೋಣಿಗೆ ಇಂಜಿನ್ ಕೊಟ್ಟರು, ಜೊತೆಗೊಂದು ಪ್ಲಾಸ್ಟಿಕ್ಕಿನ ಪೆಟ್ರೋಲ್ ಟ್ಯಾಂಕು. (ವರದಕ್ಷಿಣೆ ಅಲ್ಲವಂತೆ, ಪ್ರೀತಿಯಂತೆ.) ಟ್ಯಾಂಕಿಗೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಸುತ್ತಿ, ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟಿದ್ದರು.

ಆ ಟ್ಯಾಂಕು ಬಿರುಕು ಬಿಟ್ಟಿದೆ. ತಳದ ಮೂಲೆಯಲ್ಲಿ ಗೇಣುದ್ದ.

ಒಡೆದದ್ದನ್ನು ಬಿಸಾಕಿ ಹೊಸದು ತರಬೇಕು ತಾನೇ? ಇಲ್ಲ. ಬೀಗರು ಕೊಟ್ಟದ್ದು! ಬಿಸಾಕಿದರೆ ಅವರು ಏನಂದುಕೊಂಡಾರು? ಅದಕ್ಕೆ ರಿಪೇರಿ. ಮೊದಲು ಬಟ್ಟೆ ಸೋಪು ತಿಕ್ಕಿದ (ಲಾರಿ ಡ್ರೈವರುಗಳ ವಿದ್ಯೆ). ಆಮೇಲೆ ಅಂಗಡಿಯ ಅಂಟು ಕಲಸಿ ಮೆತ್ತಿದ. ಎರಡು ದಿನಕ್ಕೆ ಅದು ಹಪ್ಪಳದ ಹಾಗೆ ಎದ್ದಿತು. ಅದರ ಮೇಲೆ ಇನ್ನಷ್ಟು ಅಂಟು. ದೋಣಿಯ ತಳದಲ್ಲಿ ಪೆಟ್ರೋಲ್ ನಿಂತಿರುತ್ತದೆ, ಇವನು ಚಿಪ್ಪಿನಲ್ಲಿ ಮೊಗೆದು ಚೆಲ್ಲುತ್ತಾನೆ. ಬಾಯಲ್ಲಿ ಬೀಡಿ!

ಬೀಗರನ್ನು ದೋಣಿಯಲ್ಲಿ ಒಂದು ರೌಂಡ್ ಕರೆದುಕೊಂಡು ಹೋಗಬೇಕು ಅಂತ ಅವನ ಆಸೆ. ಜೊತೆಗೆ ಅವರ ಮಗಳು, ಅಂದರೆ ಇವನ ಸೊಸೆ ಲತಾ. ಅವಳಿಗೆ ಐದು ತಿಂಗಳು. ಬಸುರಿಗೆ ಗೊತ್ತುಮಾಡಿದ ಜಾಗ ಯಾವುದು? ಟ್ಯಾಂಕಿನ ಪಕ್ಕದ ಹಲಗೆ.

ನಾನು ಯಗಟಿಯಿಂದ ಬಸ್ಸು ಬದಲಿಸಿ ಬದಲಿಸಿ ಹೋಗಿ ಇಳಿದಾಗ, ರಂಗಪ್ಪ ಹಿತ್ತಲಲ್ಲಿ ಕುಡುಗೋಲು ಕೆಂಪಗೆ ಕಾಯಿಸುತ್ತಿದ್ದ. ಮಗ್ಗುಲಲ್ಲೇ ಟ್ಯಾಂಕು.

“ಏನೋ ಇದು?”

“ಪ್ಲಾಸ್ಟಿಕ್ ಕೊಡ ಬೆಸೆಯೋರು ಹಿಂಗೇ ಅಲ್ವೇನಕ್ಕ ಮಾಡೋದು? ಕಾಯ್ಸಿ ಎಳುದ್ರೆ ಕರಗಿ ಕೂಡ್ಕಳ್ತದೆ.”

“ಕೊಡದಲ್ಲಿ ನೀರಿರ್ತದೆ ಕಣೋ. ಇದ್ರಲ್ಲಿ?”

“ಖಾಲಿ ಮಾಡಿದೀನಿ ಬಿಡಕ್ಕ. ಒಂದು ತೊಟ್ಟಿಲ್ಲ.”

ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿದೆ. “ತೊಟ್ಟಿಲ್ದಿದ್ರೆ ಈ ನಾತ ಎಲ್ಲಿಂದ ಬತ್ತೈತೋ? ಇದಕ್ಕೆ ಕಿಡಿ ತಾಕಿದ್ರೆ ನಿನ್ನ ಬೀಗರು ಹಬ್ಬದೂಟ ಅಲ್ಲ, ತಿಥಿಯೂಟ ಉಂಡು ಹೋಯ್ತಾರೆ.”

ನೀರು ಸುರಿದದ್ದು ಆಗಲೇ.

“ನಿನ್ ಬಾಯಲ್ಲಿ ಒಳ್ಳೇದೇ ಬರಲ್ವಾ?” ಅಂತ ಮುಖ ಊದಿಸಿಕೊಂಡ. ಒಳ್ಳೆಯ ಮಾತಿಗೆ ಆರಿದ ಬೆಂಕಿಯನ್ನು ನಾನಂತೂ ಕಂಡಿಲ್ಲ.

ಬಿರುಕು ಎಷ್ಟಿದೆ ನೋಡೋಣ ಅಂತ ಕೂತು ಉಗುರಲ್ಲಿ ಕೆರೆದೆ. ರಂಗಪ್ಪನ ಅಂಟು ಎದ್ದು ಬಂತು. ಅದರ ಕೆಳಗೆ ಕೆಂಪು ಪೇಂಟು. ಪೇಂಟಿನ ಕೆಳಗೆ? ಇನ್ನೊಂದು ಅಂಟು! ಹಳೆಯದು, ಒಣಗಿ ಕಲ್ಲಾದದ್ದು.

“ಈ ಪೇಂಟ್ ನೀನು ಹೊಡ್ದಿದ್ದೇನೋ?”

“ಇಲ್ಲಕ್ಕ. ಅವ್ರು ಕೊಟ್ಟಾಗ್ಲೇ ಇತ್ತು.” ಹೇಳಿದ ಮೇಲೆ ಅವನಿಗೂ ಹೊಳೆಯಿತು. ಕುಡುಗೋಲು ಕೆಳಗಿಟ್ಟ.

ಹನ್ನೊಂದು ಗಂಟೆಗೆ ಬೀಗರು ಬಂದರು. ಅಜ್ಜಂಪುರದ ಕಡೆಯವರು, ಗರಿಗರಿ ಪಂಚೆ. ಕಾಫಿ ಕುಡಿದು “ನಮ್ ಟ್ಯಾಂಕು ಹೆಂಗೈತೆ?” ಅಂದರು.

“ಫಸ್ಟ್ ಕ್ಲಾಸ್ ಐತೆ,” ಅಂದ ನನ್ನ ತಮ್ಮ.

ನೋಡಿದಿರಾ? ಎಲ್ಲಾ ಗೊತ್ತಾದ ಮೇಲೂ!

ಟ್ಯಾಂಕು ಎತ್ತಿ ತಂದು ಇಬ್ಬರ ನಡುವೆ ಕುಕ್ಕಿದೆ. “ಬೀಗರೇ, ಮೇಲಿನ ಅಂಟು ನಮ್ದು, ಕೆಳಗಿಂದು ನಿಮ್ದು. ಈಗ ಇಬ್ರೂ ಸೇರಿ ಬಸುರಿ ಹೆಣ್ಣನ್ನ ಇದ್ರ ಪಕ್ಕ ಕೂರಿಸ್ತೀರಾ?”

ಬೀಗರು ಹಿನ್ನೀರಿನ ಕಡೆ ಮುಖ ತಿರುಗಿಸಿದರು. “ಸಣ್ಣ ಗೆರೆ ಇತ್ತು ಕಣ್ರಮ್ಮ. ಮದ್ವೆ ಗಡಿಬಿಡೀಲಿ ಬೇರೆ ಸಿಗ್ಲಿಲ್ಲ.”

“ನಾನಂತೂ ದೋಣಿ ಹತ್ತಲ್ಲ ಕಣಪ್ಪ,” ಅಂದಳು ಲತಾ, ಬಾಗಿಲಲ್ಲೇ ನಿಂತು. ಆ ಎರಡು ಮನೆಯಲ್ಲಿ ಬುದ್ಧಿ ಇರುವುದು ಅವಳೊಬ್ಬಳಿಗೆ.

ಊಟವಾದ ಮೇಲೆ ಗಂಡಸರಿಬ್ಬರೂ ಒಂದೇ ಬೈಕಿನಲ್ಲಿ ತರೀಕೆರೆಗೆ ಹೋಗಿ ಹೊಸ ಟ್ಯಾಂಕು ತಂದರು. ಹಳೆಯದನ್ನು ಗುಜರಿಗೆ ಹಾಕೋ ಅಂದೆ. ಹಾಕಿದನೇ? ತೊಳೆದು ಅಟ್ಟದ ಮೇಲೆ ಇಟ್ಟಿದ್ದಾನೆ. ಬೀಗರು ಕೊಟ್ಟದ್ದಲ್ಲವೇ!

ನಿಮ್ಮ ಮನೆಯಲ್ಲೂ ಬೀಗರು ಕೊಟ್ಟದ್ದು ಒಂದು ಸೋರುತ್ತಲೇ ಇರಬೇಕಲ್ಲ, ಅದರ ಪಕ್ಕ ಯಾರನ್ನು ಕೂರಿಸಿದ್ದೀರಿ?