ತೊಗರಿ ಹೊಟ್ಟಿನ ಹೆಣ

ನಮ್ಮ ಅಗ್ನಿಶಾಮಕ ಠಾಣೆ ಯಾವ ಊರಿನದು ಅಂತ ಹೇಳುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಇವುಗಳ ನಡುವೆ ಎಲ್ಲೋ ಇದೆ ಅಂದುಕೊಳ್ಳಿ. ಊರಿನ ಹೆಸರು ಬರೆದರೆ ಜನ ಮುಂದಿನ ಸಾಲು ಓದುವುದರೊಳಗೇ ನನ್ನನ್ನು ಗುರುತು ಹಿಡಿಯುತ್ತಾರೆ: ಓ, ಆ ದಪ್ಪ ಹುಡುಗ, ತಿಪ್ಪೆಗೆ ಹೋಗಿ ಬಿದ್ದವನು!

ಹೌದು, ಅವನೇ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ಐನಾಪುರದ ಕಡೆ ಒಂದು ಜೋಳದ ಕಣಿಕೆ ಬಣವೆಗೆ ಬೆಂಕಿ ಹತ್ತಿತ್ತು. ನಾನು ಪೈಪಿನ ಬಾಯಿ ಹಿಡಿದು, ಕಾಲು ಗಟ್ಟಿಯಾಗಿ ಊರುವ ಮೊದಲೇ, ಊರಿನ ಹೆಣ್ಣುಮಕ್ಕಳೆಲ್ಲ ನೋಡುತ್ತಿದ್ದಾರೆಂಬ ಹುರುಪಿನಲ್ಲಿ "ನೀರು ಬಿಡ್ರೀ!" ಅಂತ ಕೂಗಿದೆ. ನೀರು ಬಂತು. ನಾನು ಹೋದೆ. ಪೈಪು ಹಾವಿನ ಹಾಗೆ ಎದ್ದು ನನ್ನನ್ನು ಎತ್ತಿ ಪಕ್ಕದ ತಿಪ್ಪೆಯಲ್ಲಿ ಸೊಂಟದ ತನಕ ನೆಟ್ಟಿತು. ನಮ್ಮ ತಂಡದ ಹಿರಿಯ, ಠಾಣೆಯಲ್ಲಿ ಎಲ್ಲರೂ ಜಮಾದಾರ ಅಂತ ಕರೆಯುವ ಮನುಷ್ಯ, ಬೆಂಕಿ ಆರಿಸಿ ಮುಗಿಸುವ ತನಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಬಂದು ತಿಪ್ಪೆಯ ಮುಂದೆ ನಿಂತ.

"ಇದನ್ನ ಇಲ್ಲೇ ಬಿಡ್ರೋ. ಮುಂದಿನ ವರ್ಷ ಗೊಬ್ಬರ ಆಗ್ತದ. ಗಾಡ್ಯಾಗ ಹೆಣಾ ಹೊತ್ಕೊಂಡು ಯಾಕ ತಿರಗೂದು?"

ಅವತ್ತಿನಿಂದ ನಾನು 'ಹೆಣ'. ಅವತ್ತಿನಿಂದಲೇ ಅವನನ್ನು ಕಂಡರೆ ನನಗೆ ಮೈ ಉರಿ. ಐವತ್ತು ದಾಟಿದವನು, ಬಲ ಮೊಣಕಾಲು ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ, ಆದರೂ ಗಾಡಿಯಲ್ಲಿ ಡ್ರೈವರನ ಪಕ್ಕದ ಸೀಟು, ಸೈರನ್ ಗುಂಡಿ ಕೈಗೆ ಸಿಗುವ ಸೀಟು, ಅವನದೇ. ನಾನು ಕೆಲಸಕ್ಕೆ ಸೇರುವ ಮೊದಲಿಂದ, ಬಹುಶಃ ನಾನು ಹುಟ್ಟುವ ಮೊದಲಿಂದ, ಅವನದೇ.

ಹೋದ ವರ್ಷ ಮೇಲಿನಿಂದ ಆದೇಶ ಬಂತು: ಎಲ್ಲರ ದೇಹ ಗಟ್ಟಿ ಆಗಬೇಕು. ದಿನಾ ಮುಂಜಾನೆ ಓಟ, ತಿಂಗಳಿಗೊಮ್ಮೆ ತೂಕ, ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಪರೀಕ್ಷೆ ಅಂದರೆ ಒಬ್ಬ ಆಳಿನ ತೂಕದ ಬೊಂಬೆಯನ್ನು ಹೆಗಲಿಗೆ ಹಾಕಿಕೊಂಡು ಗೇಟಿನಿಂದ ನೀರಿನ ತೊಟ್ಟಿ ಸುತ್ತಿ ಮತ್ತೆ ಗೇಟಿಗೆ ಬರಬೇಕು. ನಡುವೆ ನಿಲ್ಲಬಾರದು, ಬೊಂಬೆ ನೆಲಕ್ಕೆ ತಾಗಬಾರದು. ಫೇಲಾದವನಿಗೆ ಗಾಡಿ ಬಂದ್. ಮುಂದಿನ ಪರೀಕ್ಷೆಯ ತನಕ ಫೋನಿನ ಕೋಣೆಯಲ್ಲಿ ಕೂತು ಕರೆ ಬರೆದುಕೊಳ್ಳುವುದು.

ಆದೇಶ ಓದಿದಾಗ ಎಲ್ಲರ ಕಣ್ಣು ಮೊದಲು ಜಮಾದಾರನ ಮೊಣಕಾಲಿನ ಮೇಲೆ, ಆಮೇಲೆ ನನ್ನ ಹೊಟ್ಟೆಯ ಮೇಲೆ ಬಿತ್ತು.

ತೂಕ ನೋಡಲು ಠಾಣೆಯಲ್ಲಿದ್ದ ಸಣ್ಣ ಯಂತ್ರ ನಾನು ಹತ್ತಿದ ದಿನವೇ ಮುಳ್ಳು ತಿರುಗಿಸಿ ಸತ್ತಿತು. ಹಾಗಾಗಿ ಠಾಣೆಯ ಹಿಂದಿನ ದಾಲ್ ಮಿಲ್ಲಿನಲ್ಲಿ ತೊಗರಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲುತ್ತಿದ್ದೆವು. ನಾನು ನಿಂತರೆ ಅಲ್ಲಿನ ಹಮಾಲ ಅಭ್ಯಾಸಬಲದಿಂದ ನನ್ನ ಬೆನ್ನಿಗೆ ಸುಣ್ಣದಲ್ಲಿ ಗುರುತು ಹಾಕುತ್ತಿದ್ದ.

ಓಟದ್ದು ಇನ್ನೊಂದು ಕಥೆ. ಎರಡನೇ ವಾರ ನಾನು ಎಲ್ಲರಿಗಿಂತ ಹಿಂದೆ ಬಿದ್ದು, ವಾಡಿ ಕಡೆಯಿಂದ ಬಂದ ಟಂಟಂ ಆಟೋ ಹತ್ತಿ, ತಲೆ ತಗ್ಗಿಸಿ ಎಲ್ಲರನ್ನೂ ದಾಟಿ, ತಿರುವಿನಲ್ಲಿ ಇಳಿದು, ಬಾಟಲಿಯ ನೀರು ಮುಖಕ್ಕೆ ಚಿಮುಕಿಸಿಕೊಂಡು ಬೆವರು ತಯಾರು ಮಾಡಿಕೊಂಡೆ. ಗೇಟಿನಲ್ಲಿ ಮೊದಲಿಗನಾಗಿ ಏದುಸಿರು ಬಿಡುತ್ತಾ ನಿಂತಿದ್ದೆ. ಉಳಿದವರು ಬಂದರು. ಅವರ ಹಿಂದೆಯೇ ಟಂಟಂ ಹಾರ್ನ್ ಹೊಡೆಯುತ್ತಾ ಬಂತು. "ಸಾಹೇಬ್ರ, ಬಾಟ್ಲಿ ಮುಚ್ಚಳ ಬಿಟ್ಟ್ ಹೋಗೀರಿ ನೋಡ್ರಿ!"

ಜಮಾದಾರ ಮುಚ್ಚಳ ಇಸಕೊಂಡು ನನ್ನ ಅಂಗಿ ಜೇಬಿಗೆ ಹಾಕಿದ. "ಹೆಣಕ್ಕ ಈಗ ಗಾಡೀನೂ ಬೇಕಾಗ್ಯದ."

ಬೊಂಬೆ ಮಾಡಿದ್ದು ಅವನೇ. ಹಳೇ ಕ್ಯಾನ್ವಾಸ್ ಪೈಪು ಕತ್ತರಿಸಿ, ದಬ್ಬಣದಿಂದ ಕೈ, ಕಾಲು, ತಲೆ ಹೊಲಿದು, ಶಹಾಬಾದ ಕಡೆಯಿಂದ ಫರಸಿ ಕಲ್ಲು ಕೊಯ್ದ ಪುಡಿ ತರಿಸಿ ಗಿಡಿದು ತುಂಬಿದ. ಒಂದು ವಾರ ಅದನ್ನೇ ಹೊಲಿಯುತ್ತಾ ಕೂತಿದ್ದ. ಆ ಬೊಂಬೆಯ ಮೇಲೆ ತೋರಿಸಿದ ಪ್ರೀತಿಯಲ್ಲಿ ನನಗೆ ಒಂದು ಚಮಚ ತೋರಿಸಿದ್ದರೂ ನಾನು ಮನುಷ್ಯನಾಗುತ್ತಿದ್ದೆ. ಅದನ್ನು ಹೊತ್ತು ನೋಡಿದೆ. ಮೂರು ಹೆಜ್ಜೆ. ನಾಲ್ಕನೆಯದಕ್ಕೆ ಬೊಂಬೆ ಮೇಲೆ, ನಾನು ಕೆಳಗೆ.

ಪರೀಕ್ಷೆಯ ಹಿಂದಿನ ಮಧ್ಯಾಹ್ನ, ಎಲ್ಲರೂ ಉಣ್ಣಲು ಕೂತಾಗ, ನಾನು ಬೊಂಬೆಯ ಹೊಟ್ಟೆ ಬಿಚ್ಚಿದೆ. ಕಲ್ಲುಪುಡಿ ಮುಕ್ಕಾಲು ತೆಗೆದು ಮಿಲ್ಲಿನ ಹಿಂದಿನ ರಾಶಿಯಿಂದ ತೊಗರಿ ಹೊಟ್ಟು ತಂದು ತುಂಬಿ ಹೊಲಿದೆ. ಬೊಂಬೆ ಮೊದಲಿಗಿಂತ ಚೆಂದ ಕಾಣುತ್ತಿತ್ತು.

ಮರುದಿನ ಜಿಲ್ಲೆಯಿಂದ ಸಾಹೇಬರು ಬಂದರು. ವಯಸ್ಸಿನಲ್ಲಿ ಸಣ್ಣವನೆಂದು ಮೊದಲು ನನ್ನನ್ನೇ ಕರೆದರು. ನಾನು ಬೊಂಬೆ ಎತ್ತಿದೆ. ಇಲ್ಲಿ ಬುದ್ಧಿ ಇದ್ದವನು ನರಳುತ್ತಾ, ತೂರಾಡುತ್ತಾ ಹೋಗುತ್ತಿದ್ದ. ನಾನು ಓಡಿದೆ. ತೊಟ್ಟಿಯ ಹತ್ತಿರ ಮೂಗು ತುರಿಸಿತು, ಬೊಂಬೆಯನ್ನು ಒಂದೇ ಕೈಯಲ್ಲಿ ಹಿಡಿದು ಇನ್ನೊಂದರಿಂದ ಮೂಗು ಕೆರೆದುಕೊಂಡೆ. ಗೇಟಿಗೆ ಬಂದು ಸಲ್ಯೂಟ್ ಕೂಡ ಹೊಡೆದೆ, ಬೊಂಬೆ ಹೆಗಲ ಮೇಲಿದ್ದಾಗಲೇ.

ಸಾಹೇಬರು ಹತ್ತಿರ ಬಂದು ಬೊಂಬೆಯನ್ನು ಎರಡು ಬೆರಳಲ್ಲಿ ಎತ್ತಿದರು. ಹೊಲಿಗೆ ಬಿಚ್ಚಿಸಿದರು. ಹೊಟ್ಟು ಸುರಿಯಿತು, ಗಾಳಿಗೆ ಎದ್ದಿತು, ಸಾಹೇಬರು ಏಳು ಸಲ ಸೀನಿದರು.

"ಇದನ್ನು ಹೊಲಿದವರು ಯಾರು?"

"ನಾ ರೀ," ಅಂದ ಜಮಾದಾರ.

"ತುಂಬಿದವರು?"

"ನಾನೇ ರೀ. ಕಲ್ಲಿನ ಪುಡಿ ತುಂಬಿದ್ದೆ."

"ಕಲ್ಲಿನ ಪುಡಿ ಹೀಗೆ ಹಾರುತ್ತದಾ? ಮೊಣಕಾಲು ಕೆಟ್ಟಿದೆ ಅಂದರೆ ಬಾಯಿಬಿಟ್ಟು ಹೇಳಬೇಕು. ಈ ವಯಸ್ಸಿಗೆ ಕಳ್ಳಾಟ ಬೇಡ."

ಜಮಾದಾರ ನನ್ನ ಕಡೆ ತಿರುಗಿದ. ನನ್ನ ಕಾಲರಿನ ಮೇಲೆ ಒಂದು ಚಿಟಿಕೆ ಹೊಟ್ಟು ಕೂತಿತ್ತು. ಅದನ್ನು ಬೆರಳಿನಿಂದ ಝಾಡಿಸಿದ. ಮೇಲಿನವರ ಮುಂದೆ ಜತೆಯವರ ಮೇಲೆ ಚಾಡಿ ಹೇಳಿದವನಲ್ಲ ಅವನು. ಬೈಯುವುದಿದ್ದರೆ ಮುಖಕ್ಕೇ, ಓಣಿಗೆಲ್ಲ ಕೇಳುವ ಹಾಗೆ. ನಾನು ಹೇಳಬೇಕಿತ್ತು. ಬಗ್ಗಿ ಶೂ ದಾರ ಕಟ್ಟಿಕೊಂಡೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿಕೊಂಡೆ.

ಬೊಂಬೆ ಇಲ್ಲ, ಹಾಗಾದರೆ ಬದುಕಿರುವ ಮನುಷ್ಯನನ್ನೇ ಹೊರಿ ಅಂದರು ಸಾಹೇಬರು. ತಂಡದಲ್ಲಿ ಸಣಕಲರು ಇಬ್ಬರಿದ್ದರು. ಜಮಾದಾರ ಅವರತ್ತ ನೋಡಲೇ ಇಲ್ಲ.

"ಇವನ್ನ ಹೊರ್ತೀನ್ರಿ. ಇದ್ರಾಗ ಹೊಟ್ಟಿಲ್ಲ, ಬರೇ ಹೊಟ್ಟಿ ಅದ."

ಅವನು ನನ್ನನ್ನು ಹೆಗಲಿಗೆ ಎಳೆದುಕೊಂಡ. ನನ್ನ ತಲೆ ಅವನ ಬೆನ್ನಿನ ಕಡೆ ಜೋತಾಡುತ್ತಿತ್ತು, ಹಾಗಾಗಿ ದಾರಿಯುದ್ದಕ್ಕೂ ಅವನು ಬೈದದ್ದು ನನ್ನ ಸೊಂಟಕ್ಕೆ. "ಏನ್ ತಿಂದೀಯಲೇ ಬೇಕೂಫ... ಪೂರಾ ಬಂಡಿ ಮಿರ್ಚಿ ಭಜಿ... ಒಬ್ಬನೇ ತಿಂದೀಯೇನ್... ಹೊಟ್ಟ್ ತುಂಬತೀ ನನ್ ಬೊಂಬೀಗಿ?... ಬಾ, ನಿನಗ ತೋರಸ್ತೀನಿ..."

ತೊಟ್ಟಿ ಸುತ್ತಿದ. ನನ್ನ ಕಿವಿಗೆ ಅವನ ಉಸಿರು ಕೇಳುತ್ತಿತ್ತು, ಮೊಣಕಾಲೂ ಕೇಳುತ್ತಿತ್ತು. ಗೇಟು ಹತ್ತಿರ ಬಂದಾಗ ಬೈಗುಳ ನಿಂತಿತು. ನನಗೆ ಹೆದರಿಕೆಯಾದದ್ದು ಆಗಲೇ. ಮೊಣಕಾಲು ಒಮ್ಮೆ ಕುಸಿದು ಮತ್ತೆ ಎದ್ದಿತು. ನನ್ನ ಜೀವನದಲ್ಲಿ ಅವನಿಗೆ ಒಳ್ಳೆಯದು ಮಾಡಬೇಕು ಅನ್ನಿಸಿದ್ದು ಅದೊಂದೇ ಕ್ಷಣ. ಭಾರ ಕಡಿಮೆ ಮಾಡೋಣ ಅಂತ, ಯಾರಿಗೂ ಕಾಣದಂತೆ, ಒಂದು ಕಾಲು ಕೆಳಗೆ ಬಿಟ್ಟು ನೆಲಕ್ಕೆ ಊರಿದೆ.

ಸಾಹೇಬರು ಸೀಟಿ ಊದಿದರು. "ಕಾಲು ನೆಲಕ್ಕೆ ತಾಗಿತು. ಫೇಲ್."

ಜಮಾದಾರ ನನ್ನನ್ನು ಇಳಿಸಲಿಲ್ಲ, ಕಳಚಿ ಎಸೆದ. "ಇನ್ನ ಆರ್ ಹೆಜ್ಜಿ ಇತ್ತಲೇ! ಆರೇ ಆರ್ ಹೆಜ್ಜಿ! ನಿನಗ್ಯಾರ್ ಹೇಳಿದ್ರು ಕಾಲ್ ಇಡು ಅಂತ? ಸತ್ತವ್ರು ಕಾಲ್ ಇಡ್ತಾರೇನಲೇ?"

ಆಗ ನನಗೆ ಬಾಯಿ ಬಂತು. "ಸಾಹೇಬ್ರ, ಹೊಟ್ಟು ತುಂಬಿದ್ದು ನಾ ರೀ," ಅಂದೆ. ಬೇಡದ ಹೊತ್ತಿನಲ್ಲಿ ಪ್ರಾಮಾಣಿಕನಾಗುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸಾಹೇಬರು ಕಾಗದದ ಮೇಲೆ ನನ್ನ ಹೆಸರಿನ ಮುಂದೆಯೂ ಫೇಲ್ ಅಂತಲೇ ಬರೆದರು. ಅವನ ಫಲಿತಾಂಶ ಬದಲಾಗಲಿಲ್ಲ. ಇಬ್ಬರೂ ಮೂರು ತಿಂಗಳು ಫೋನಿನ ಕೋಣೆಗೆ.

ಆ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಫ್ಯಾನು. ಮೊದಲ ದಿನವೇ ಅವನು ಮೇಜಿನ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಫೋನು ಅವನ ಕಡೆ. ಫ್ಯಾನಿನ ಗಾಳಿಯೂ ಅವನ ಕಡೆ. ಎರಡು ವಾರ ನಮ್ಮ ನಡುವೆ ಆದ ಮಾತು ಒಂದೇ, "ಕಾಲ್ ತಗೀ."

ಮೂರನೇ ವಾರ ಅವನು ನೀರು ಕುಡಿಯಲು ಹೋದಾಗ ಫೋನು ಹೊಡೆಯಿತು. ಕುಂಚಾವರಂ ಕಡೆಯಿಂದ, ಕಾಡಿನ ಅಂಚಿಗೆ ಬೆಂಕಿ, ಕೂಗುತ್ತಿದ್ದವನದು ಬರೀ ತೆಲುಗು. ನನಗೆ ಬರುವ ತೆಲುಗಿನಲ್ಲಿ ಊಟ ಕೇಳಬಹುದು, ಅಷ್ಟೇ. ಅದನ್ನೇ ಕೇಳಿದೆನೋ ಏನೋ, ಆ ಕಡೆಯವನು ಬೈಯತೊಡಗಿದ. ಜಮಾದಾರ ಓಡಿ ಬಂದು ಫೋನು ಕಸಿದುಕೊಂಡ, ಎರಡೇ ಮಾತಿನಲ್ಲಿ ಜಾಗ ಕೇಳಿ ಬರೆದು ಡ್ರೈವರನಿಗೆ ಕೊಟ್ಟ. ಗಾಡಿ ಹೊರಟಿತು. ಮುಂದಿನ ಸೀಟಿನಲ್ಲಿ ಬೇರೆ ಯಾರೋ. ಸೈರನ್ ಕೇಳುವುದು ನಿಂತ ಮೇಲೂ ಜಮಾದಾರ ಗೇಟಿನ ಸರಳು ಹಿಡಿದುಕೊಂಡೇ ಇದ್ದ.

ಮರುದಿನ ಮುಂಜಾನೆ ನನ್ನನ್ನು ಅಂಗಳಕ್ಕೆ ಕರೆದ. ನೆಲ ತೋರಿಸಿದ.

"ಸಾಯಿ."

"ಏನ್ರಿ?"

"ಬೀಳಲೇ ಅಲ್ಲಿ. ನೀ ಕೆಡಿಸೀದಿ, ನೀನೇ ಹೆಣ ಆಗು. ಕಾಲ್ ಅಲುಗಿದ್ರ ಖರೇನ ಸಾಯಸ್ತೀನಿ."

ಮುಂದಿನ ಪರೀಕ್ಷೆಯ ತನಕ ದಿನಾ ಮುಂಜಾನೆ ಸತ್ತೆ. ಇರುವೆ ಕಚ್ಚಿದರೂ ಸತ್ತೆ, ನೊಣ ಮೂಗಿನೊಳಗೆ ಹೋದರೂ ಸತ್ತೆ. ಅವನು ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ನನ್ನನ್ನು ಹೊತ್ತು ಮೊದಲು ತೊಟ್ಟಿಯ ತನಕ, ಆಮೇಲೆ ಪೂರಾ ಸುತ್ತು, ಆಮೇಲೆ ಎರಡು ಸುತ್ತು ಹಾಕಿದ. ಬೈಗುಳದಲ್ಲಿ ಮಾತ್ರ ಒಂದು ದಿನವೂ ರಜೆ ಇರಲಿಲ್ಲ. ಮಧ್ಯಾಹ್ನ ನಾನು ಬೊಂಬೆಗೆ ಹಿಡಿ ಹಿಡಿಯಾಗಿ ಕಲ್ಲುಪುಡಿ ತುಂಬುತ್ತಿದ್ದೆ, ಅವನು ಪ್ರತಿ ಹಿಡಿಯನ್ನೂ ನೋಡುತ್ತಿದ್ದ.

ಸಾಹೇಬರು ಮತ್ತೆ ಬಂದರು, ಬೊಂಬೆಯನ್ನು ಮಿಲ್ಲಿನ ಕಾಟಾದ ಮೇಲೆ ತೂಗಿಸಿದರು. ಜಮಾದಾರ ಅದನ್ನು ಹೆಗಲಿಗೆ ಹಾಕಿಕೊಂಡು, ನನ್ನ ಭಾರದ ಮುಂದೆ ಅದು ಹತ್ತಿ ಅನ್ನುವ ಹಾಗೆ ಸುತ್ತು ಹಾಕಿ ಬಂದ. ಗೇಟಿನಲ್ಲಿ ಇಳಿಸುವಾಗ ಸರಿಯಾಗಿ ನನ್ನ ಕಾಲ ಮೇಲೆ ಇಳಿಸಿದ. ಪಾಸು.

ಆಮೇಲೆ ನನ್ನ ಸರದಿ. ನಾಲ್ಕನೇ ಹೆಜ್ಜೆಗೆ ಬೊಂಬೆ ಮೇಲೆ, ನಾನು ಕೆಳಗೆ. ಅಲ್ಲಿ ಬಿದ್ದಿದ್ದಾಗಲೇ ನನಗೆ ಲೆಕ್ಕ ಹೊಳೆದದ್ದು: ಇಷ್ಟು ದಿನ ವ್ಯಾಯಾಮ ಮಾಡಿದ್ದು ಅವನು. ನಾನು ಮಾಡಿದ್ದು ಸಾಯುವುದಷ್ಟೇ.

ಇದನ್ನು ಫೋನಿನ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ಸೀಮೆಸುಣ್ಣದ ಗೆರೆ ಇನ್ನೂ ಇದೆ, ಈಗ ಎರಡೂ ಕಡೆ ನಾನೇ. ಕರೆ ಬಂದರೆ ಚೀಟಿ ಬರೆದು ಓಡಿ ಹೋಗಿ ಗಾಡಿಯ ಕಿಟಕಿಗೆ ಕೊಡಬೇಕು. ಜಮಾದಾರ ಚೀಟಿ ಕಸಿದುಕೊಳ್ಳುತ್ತಾನೆ. ಗಾಡಿ ಗೇಟು ದಾಟುವಾಗ, ಕೆಟ್ಟಿದೆ ಅಂತ ಸಾಹೇಬರು ಹೇಳಿದ್ದ ಆ ಬಲಗಾಲನ್ನು, ನನಗೆ ಚೆನ್ನಾಗಿ ಕಾಣಲಿ ಅಂತ, ಕಿಟಕಿಯ ತನಕ ಎತ್ತಿ ತೋರಿಸುತ್ತಾನೆ.