ಅಕ್ಕ ನಂಬಿದ್ದ ವೇಗ

ಊರಿನ ಅರ್ಧದಷ್ಟು ಗುಮಾಸ್ತರ ಬೆರಳು ತಿದ್ದಿದ ಮನುಷ್ಯ ಅವರು. ಟೈಪಿಂಗ್ ಕ್ಲಾಸಿನಲ್ಲಿ ಯಾರಾದರೂ ಕೀಲಿಮಣೆಯ ಕಡೆ ಕಳ್ಳನೋಟ ಬೀರಿದರೆ ಮುಗಿಯಿತು, ಸ್ಕೇಲಿನಿಂದ ಮೇಜು ಕುಟ್ಟಿ "ಕಣ್ಣು ಮೇಲೆ! ಬೆರಳು, ಬೆರಳು!" ಎಂದು ಕೂಗುತ್ತಿದ್ದರು. ಯಾರೋ ಪುಣ್ಯಾತ್ಮರು ಬೆರಳು ಮೇಷ್ಟ್ರು ಎಂದು ಹೆಸರಿಟ್ಟರು, ಅದೇ ಅಂಟಿಕೊಂಡಿತು. ಆದರೆ ಹೆಸರಿಗೆ ತಕ್ಕ ಬೆರಳಿದ್ದದ್ದು ಅವರಿಗಲ್ಲ, ಅವರ ಅಕ್ಕನಿಗೆ.

ಶಾಲೆ ತೆರೆದವಳೇ ಅಕ್ಕ. ಕಿಟಕಿಯಾಚೆ ಯಾರೊಂದಿಗೋ ಹರಟೆ ಹೊಡೆಯುತ್ತಲೇ ಪುಟಗಟ್ಟಲೆ ಟೈಪು ಮಾಡುತ್ತಿದ್ದಳು, ಒಂದಕ್ಷರ ತಪ್ಪಿದರೆ ಕೇಳಿ. ತಮ್ಮನಿಗೆ ಕೆಲಸ ಕಲಿಸಿದ್ದೂ ಅವಳೇ, ಬೈದಿದ್ದೂ ಅವಳೇ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ನಿಧಾನದವರ ಜೊತೆ ನಂಗೆ ಏಗೋಕಾಗಲ್ಲ ಕಣ್ರೀ, ಬಂದವರೆಲ್ಲ ನಿಧಾನ" ಎನ್ನುತ್ತಿದ್ದಳು. ತಮ್ಮ ಯಾಕಾಗಲಿಲ್ಲ ಎಂದು ಯಾರೂ ಕೇಳಲಿಲ್ಲ. ಅವರು ಅಕ್ಕನ ನೆರಳು, ಅಷ್ಟೇ.

ಅಂಥ ಅಕ್ಕನ ಎಡಗೈ ಕಿರುಬೆರಳು ಮೊದಲು ಮೊಂಡಾಯಿತು. ಆಮೇಲೆ ಉಂಗುರದ ಬೆರಳು. ಆಮೇಲೆ ಕೈ, ತೋಳು, ಕೊನೆಗೆ ಬಲಗೈ, ಕಾಲುಗಳೂ. ನರಗಳೇ ಒಣಗುತ್ತಾ ಬರುವ ಕಾಯಿಲೆಯಂತೆ. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. "ಇದಕ್ಕೆ ಔಷಧಿ ಇನ್ನೂ ಹುಡುಕ್ತಾ ಇದಾರೆ" ಎಂದರು. ಮನೆಗೆ ಬಂದ ಅಕ್ಕ, "ಅವರು ಹುಡುಕೋ ಹೊತ್ತಿಗೆ ನಾನಿರ್ಬೇಕಲ್ಲ" ಎಂದವಳೇ ಗೋಡೆಯ ಕಡೆ ತಿರುಗಿ ಮಲಗಿದಳು. ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ನರ್ಸಮ್ಮನನ್ನು ಬಾಗಿಲಿನಿಂದಲೇ ಅಟ್ಟಿದಳು. ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇರುತ್ತಿತ್ತು. ಮೇಷ್ಟ್ರು ಬೇಡಿಕೊಂಡರು, ಗದರಿದರು, ಅಡುಗೆಮನೆಗೆ ಹೋಗಿ ತಲೆ ಚಚ್ಚಿಕೊಂಡರು. ಮಾಡುವುದೇನು? ಬೆರಳು ತಿದ್ದುವುದು ಬಿಟ್ಟರೆ ಅವರಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ಆಗ ದಾರಿ ತೋರಿಸಿದವನು ಎದುರು ಸಾಲಿನ ಕಂಪ್ಯೂಟರ್ ರಿಪೇರಿಯವನು. ಎಲ್ಲೋ ದೂರದ ಸಂಶೋಧನಾಲಯದವರು ಇದೇ ಕಾಯಿಲೆಯ ಔಷಧಿಗಾಗಿ ಬೆಟ್ಟದಷ್ಟು ಲೆಕ್ಕ ಹಾಕಬೇಕಾಗಿತ್ತು. ಆ ಲೆಕ್ಕವನ್ನು ತುಣುಕು ತುಣುಕು ಮಾಡಿ, ಮನಸ್ಸಿದ್ದವರ ಮನೆಯ ಕಂಪ್ಯೂಟರಿಗೆ ಹಂಚುತ್ತಿದ್ದರು. ಯಂತ್ರ ಬಿಡುವಾಗಿದ್ದಾಗ ಲೆಕ್ಕ ಮಾಡಿ ತಾನೇ ವಾಪಸು ಕಳಿಸುತ್ತದೆ. ದುಡ್ಡು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ, ಸೇವೆ.

"ನಮ್ಮ ಕ್ಲಾಸಿನ ಕಂಪ್ಯೂಟರ್ ಮಿಷನ್ನುಗಳು ಆರೂ ಹಳೇವು ಕಣಪ್ಪಾ" ಎಂದರು ಮೇಷ್ಟ್ರು.

"ಹಳೇವಾ? ಮ್ಯೂಸಿಯಂನವರು ಬಂದ್ರೆ ಬಚ್ಚಿಡಿ ಮೇಷ್ಟ್ರೇ, ಎತ್ಕೊಂಡು ಹೋಗ್ತಾರೆ" ಎಂದು ನಗುತ್ತಲೇ ಅವನು ಆರೂ ಯಂತ್ರಗಳಿಗೆ ಆ ತಂತ್ರಾಂಶ ಹಾಕಿಕೊಟ್ಟ. "ಒಂದು ಮಾತು. ಇವನ್ನ ಆರಿಸಬೇಡಿ, ಮಲಗಿದ್ರೆ ಮತ್ತೆ ಏಳ್ತಾವೋ ಇಲ್ವೋ ದೇವರೇ ಬಲ್ಲ" ಎಂದೂ ಹೇಳಿದ. ಮೇಷ್ಟ್ರು ಅದನ್ನು ವೇದವಾಕ್ಯದಂತೆ ಪಾಲಿಸಿದರು.

ಅಂದು ಸಂಜೆ ಅಕ್ಕನ ಗಾಲಿಕುರ್ಚಿಯನ್ನು ಕ್ಲಾಸಿನೊಳಗೆ ತಳ್ಳಿಕೊಂಡು ಬಂದು ಬಾಗಿಲ ಪಕ್ಕದ ಯಂತ್ರದ ಮುಂದೆ ನಿಲ್ಲಿಸಿದರು. "ನೋಡಕ್ಕಾ, ಔಷಧಿ ಹುಡುಕೋ ಕೆಲಸ ನಮ್ಮ ಶಾಲೇಲೂ ನಡೀತಾ ಇದೆ." ಅಕ್ಕ ನೋಡಿದಳು. ಒಂದು ತುಣುಕಿಗೆ ಎರಡು ಮೂರು ದಿನ ಹಿಡಿಯುತ್ತಿತ್ತು. "ಥೂ, ಬಸವನಹುಳು" ಎಂದು ಮುಖ ತಿರುಗಿಸಿದಳು.

ಕೆಲವು ವಾರ ಹಾಗೇ ತೆವಳಿತು. ಇದ್ದಕ್ಕಿದ್ದಂತೆ ಒಂದು ದಿನ ಯಂತ್ರಗಳಿಗೆ ರೆಕ್ಕೆ ಬಂತು! ತುಣುಕು ಬರುತ್ತಿತ್ತು, ಹೋಗುತ್ತಿತ್ತು, ಮತ್ತೊಂದು ಬರುತ್ತಿತ್ತು. ಕಳಿಸಿದವುಗಳ ಪಟ್ಟಿ ಕಣ್ಣೆದುರೇ ಬೆಳೆಯುತ್ತಿತ್ತು. ಕಾರಣವೇನೆಂದು ಮೇಷ್ಟ್ರು ವಿಚಾರಿಸಲಿಲ್ಲ. ಒಳ್ಳೆಯದಾದಾಗ ಯಾರು ವಿಚಾರಿಸುತ್ತಾರೆ, ನೀವೇ ಹೇಳಿ.

ಅಕ್ಕ ಎದ್ದು ಕೂತಳು. ಕುತ್ತಿಗೆ ಚಾಚಿ ನೋಡುತ್ತಿದ್ದಳು. "ಇದಪ್ಪಾ ಸ್ಪೀಡು ಅಂದ್ರೆ! ಎಷ್ಟಾಯ್ತೋ ಇವತ್ತು?" ಮೇಷ್ಟ್ರು ಎಣಿಸಿ ಹೇಳಿದರೆ ಮುಖ ಅರಳುತ್ತಿತ್ತು. ನರ್ಸಮ್ಮನಿಗೆ ಮತ್ತೆ ಬಾಗಿಲು ತೆರೆಯಿತು. "ಬೆರಳು ಬಿಗಿಯಾಗಿಬಿಟ್ರೆ ಔಷಧಿ ಬಂದಾಗ ಏನು ಪ್ರಯೋಜನ, ಜಗ್ಗಿ" ಎಂದು ಹಲ್ಲು ಕಚ್ಚಿ ನೋವು ನುಂಗುತ್ತಿದ್ದಳು. ಇನ್ನೊಂದು ತುತ್ತು ಎಂದು ತಾನಾಗಿ ಬಾಯಿ ತೆರೆಯುತ್ತಿದ್ದಳು. ಕ್ಲಾಸಿಗೆ ಬರುವ ಹೆಣ್ಣುಮಕ್ಕಳಿಗೆ, ಹಾಲಿನವನಿಗೆ, ಪಕ್ಕದ ಮನೆಯಾಕೆಗೆ, ಎಲ್ಲರಿಗೂ ಒಂದೇ ಮಾತು: "ನಮ್ಮ ಮಿಷನ್ನುಗಳು ಔಷಧಿ ಹುಡುಕ್ತಾ ಇದಾವೆ, ಗೊತ್ತಾ?" ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಹೀಗಿರುವಾಗ ತುಣುಕು ಬರುವುದು ನಿಂತೇಹೋದಂತಾಯಿತು. ದಿನಕ್ಕೆ ಒಂದೇ ಒಂದು ಬರುತ್ತಿತ್ತು, ಬಂದ ತಕ್ಷಣ ಹೋಗುತ್ತಿತ್ತು. ಸೇವೆ ಮಾಡುವವರೆಲ್ಲ ಇಂಟರ್ನೆಟ್ಟಿನಲ್ಲಿ ಸೇರುವ ಒಂದು ಚರ್ಚೆಯ ಜಾಗವಿತ್ತು. ಅಲ್ಲಿ ಮೇಷ್ಟ್ರು, 'ಇಷ್ಟು ವೇಗದ ಯಂತ್ರಗಳಿಗೆ ಕೆಲಸ ಯಾಕೆ ಕೊಡುತ್ತಿಲ್ಲ' ಎಂದು ಸ್ವಲ್ಪ ಖಾರವಾಗಿಯೇ ಕೇಳಿದರು. ಯಾವ ದೇಶದವರೋ, ಒಬ್ಬರು ತಾಳ್ಮೆಯಿಂದ ಉತ್ತರಿಸಿದರು: ಪಟ್ಟಿಯನ್ನು ಬಲಕ್ಕೆ ಸರಿಸಿ ಕೊನೆಯ ಕಾಲಂ ನೋಡಿ.

ಆ ಹಳೆಯ ಚೌಕ ಪರದೆಗಳಲ್ಲಿ ಪಟ್ಟಿಯ ಕೊನೆಯ ಭಾಗ ಅಂಚಿನಾಚೆಗೆ ಉಳಿದುಬಿಡುತ್ತಿತ್ತು. ಮೇಷ್ಟ್ರು ಸರಿಸಿದರು. ಮೇಲಿಂದ ಕೆಳಗಿನವರೆಗೆ ಒಂದೇ ಮಾತಿತ್ತು: ದೋಷ. ದೋಷ. ದೋಷ. ಹಂಚಿಕೆಯ ಮೆಮೊರಿ ಸಿಗಲಿಲ್ಲ, ಕೆಲಸ ಆರಂಭವಾಗಲೇ ಇಲ್ಲ.

ಅವರು ಓಡಿದ್ದು ರಿಪೇರಿಯವನ ಬಳಿಗೆ. ಅವನು ಬಂದು ಯಂತ್ರಗಳನ್ನು ಕೆದಕಿ, ತಲೆ ಕೆರೆದುಕೊಂಡ. "ಮೇಷ್ಟ್ರೇ, ಬ್ಯಾಚಿನವರು ಬಂದಾಗ ಈ ಲೆಕ್ಕದ ತಂತ್ರಾಂಶನ ಹೆಂಗೆ ನಿಲ್ಲಿಸ್ತೀರಾ?"

"ಹೆಂಗೆ ಅಂದ್ರೆ? ಬೆಲ್ ಹೊಡೆದ ತಕ್ಷಣ ಕತ್ತು ಹಿಡಿದು ಆಚೆ ಹಾಕ್ತೀನಿ. ಒಂದೇ ಏಟು, ಬಂದ್!"

ಟೈಪಿಂಗ್ ಶಾಲೆಯ ಕಟ್ಟಳೆಯೇ ಅದು. ಬೆಲ್ಲಾಯಿತೆಂದರೆ ಪದದ ನಡುವಿದ್ದರೂ ಕೈ ಎತ್ತಬೇಕು. ಅಕ್ಕ ಕಲಿಸಿದ ಶಿಸ್ತು. ಹುಡುಗಿಯರಿಗೊಂದು ನ್ಯಾಯ, ತಂತ್ರಾಂಶಕ್ಕೊಂದು ನ್ಯಾಯವೇ? ಪ್ರತಿ ಬ್ಯಾಚಿಗೂ, ಆರೂ ಯಂತ್ರದಲ್ಲೂ, ಮೇಷ್ಟ್ರು ಅದನ್ನು ಬಲವಂತವಾಗಿ ಕೊಲ್ಲುತ್ತಿದ್ದರು.

ರಿಪೇರಿಯವನು ನಗಲಿಲ್ಲ. ಅದೇ ಮೇಷ್ಟ್ರಿಗೆ ಹೆದರಿಕೆ ಹುಟ್ಟಿಸಿದ್ದು. "ನೋಡಿ, ಒಳಗೆ ಇಬ್ಬರಿರ್ತಾರೆ. ಒಬ್ಬ ಕೆಲಸ ಹಂಚೋನು, ಇನ್ನೊಬ್ಬ ಲೆಕ್ಕ ಮಾಡೋನು. ಇಬ್ಬರೂ ಮಾತಾಡ್ಕೊಳ್ಳೋಕೆ ಮೆಮೊರೀಲಿ ಒಂದು ಸಣ್ಣ ಜಾಗ ಹಿಡೀತಾರೆ. ಮರ್ಯಾದೆಯಿಂದ ನಿಲ್ಲು ಅಂದ್ರೆ ಜಾಗ ಖಾಲಿ ಮಾಡಿ ಹೋಗ್ತಾರೆ. ನೀವು ಕತ್ತು ಹಿಸುಕಿದ್ರೆ? ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿದೋನು ಇಳಿದುಹೋದ ಹಾಗೆ. ಟವೆಲ್ ಅಲ್ಲೇ, ಕೂರೋನಿಲ್ಲ. ಹಳೇ ಮಿಷನ್ನುಗಳಲ್ಲಿ ಇಂಥ ಸೀಟು ಇರೋದೇ ಮೂವತ್ತೋ ನಲವತ್ತೋ, ಬ್ಯಾಚಿಗೊಂದರಂತೆ ತುಂಬಿಹೋದ್ವು. ಆಮೇಲೆ ಬಂದ ಕೆಲಸ ಕೂರೋಕೆ ಜಾಗ ಇಲ್ದೆ ಹಂಗೇ ವಾಪಸು. ಆರಿಸಿ ಹಚ್ಚಿದ್ರೆ ಟವೆಲ್ಲೆಲ್ಲ ಹೋಗ್ತಿತ್ತು. ಆರಿಸಬೇಡಿ ಅಂದೋನು ನಾನೇ, ನನ್ನ ಬಾಯಿಗೆ ಮಣ್ಣು ಹಾಕ."

"ಹಾಗಾದ್ರೆ ನಾವು ಕಳಿಸಿದ್ದೆಲ್ಲ..."

"ಮೊದಮೊದಲು ಹೋಗಿದ್ದು ಬೆರಳೆಣಿಕೆಯಷ್ಟು ಸರಿ. ಆಮೇಲಿಂದೆಲ್ಲ ಬರೀ ಕೆಟ್ಟಿದ್ದು. ಕೆಟ್ಟಿದ್ದನ್ನ ಅವರು ಮತ್ತೆ ಇನ್ನೊಬ್ಬರಿಗೆ ಕಳಿಸಬೇಕು, ಮೊದಲಿಂದ. ಅದಕ್ಕೇ ನಿಮಗೆ ದಿನಕ್ಕೊಂದೇ ಕೊಡ್ತಾ ಇರೋದು."

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದರು. ಅಕ್ಕನ ಔಷಧಿಯ ಕೆಲಸವನ್ನು ತಾವು ಮುನ್ನಡೆಸುತ್ತಿದ್ದೇವೆಂದುಕೊಂಡು ಹಿಂದಕ್ಕೆ ಎಳೆದಿದ್ದರು. ದೇವರ ಮೇಲೆ ಸಿಟ್ಟು ಬಂತು, ಯಂತ್ರದ ಮೇಲೆ ಬಂತು, ಎಲ್ಲಕ್ಕಿಂತ ತಮ್ಮ ಮೇಲೆ ಬಂತು. ಸಿಟ್ಟಿನಿಂದ ಯಾವ ಯಂತ್ರ ಸರಿಹೋದೀತು?

ಅಕ್ಕನಿಗೆ "ಅಲ್ಲಿಯವರಿಗೆ ರಜವಂತೆ" ಎಂದು ಸುಳ್ಳು ಹೇಳಿ ರಿಪೇರಿಗೆ ಕೂತರು. ಆರೂ ಯಂತ್ರಗಳನ್ನು ಆರಿಸಿ ಹಚ್ಚಿದರು. ಎರಡು ಏಳಲೇ ಇಲ್ಲ. ಉಳಿದವುಗಳಲ್ಲಿ ಮತ್ತೆ ತುಂಬದಿರಲೆಂದು ಹಂಚಿಕೆಯ ಜಾಗ ಹೆಚ್ಚಿಸಿದರೆ, ಮೂರಕ್ಕೆ ಅಷ್ಟು ಕೊಡುವ ಶಕ್ತಿಯೇ ಇಲ್ಲ, ಕೆಲಸ ಶುರುವಾದೊಡನೆ ಗರಬಡಿದಂತೆ ನಿಂತುಬಿಡುತ್ತಿದ್ದವು. ಚರ್ಚೆಯ ಜಾಗದಲ್ಲಿ ಕೇಳಿದರೆ, ಈಗಿನ ತುಣುಕುಗಳು ದೊಡ್ಡವು, ಅಷ್ಟು ಹಳೆಯ ಯಂತ್ರಕ್ಕೆ ಹೊರೆಯಾಗುತ್ತದೆ, ನಿಮ್ಮ ಸೇವೆಗೆ ಕೃತಜ್ಞರು ಎಂದರು. ಆ ಕೃತಜ್ಞತೆ ಮೇಷ್ಟ್ರ ಎದೆಗೆ ಚುಚ್ಚಿತು. ಕೊನೆಗೆ ಬಾಗಿಲ ಪಕ್ಕದ್ದೊಂದು ಮಾತ್ರ ಹೇಗೋ ದಾರಿಗೆ ಬಂತು. ಬ್ಯಾಚಿನವರು ಅದನ್ನು ಮುಟ್ಟದಂತೆ ಮೇಲೊಂದು ಬಟ್ಟೆ ಹೊದಿಸಿದರು.

ಇತ್ತ ಅಕ್ಕ ಮತ್ತೆ ಗೋಡೆಯ ಕಡೆ ತಿರುಗಿದ್ದಳು. "ರಜ ಮುಗೀಲಿ, ಆಮೇಲೆ ನೋಡೋಣ" ಎಂದು ನರ್ಸಮ್ಮನನ್ನು ವಾಪಸು ಕಳಿಸುತ್ತಿದ್ದಳು. ತಟ್ಟೆ ತುಂಬಿದ ಹಾಗೇ ವಾಪಸು ಬರತೊಡಗಿತು. ಹಾಗಾಗಿ ಯಂತ್ರ ನಡೆಯತೊಡಗಿದ ದಿನವೇ ಮೇಷ್ಟ್ರು ಅವಳನ್ನು ಕರೆತಂದು ಬಟ್ಟೆ ಸರಿಸಿದರು.

ಅಕ್ಕ ನೋಡಿದಳು. ನೋಡುತ್ತಲೇ ಇದ್ದಳು. ಒಂದು ಬ್ಯಾಚು ಮುಗಿದು ಇನ್ನೊಂದು ಬಂತು, ಪರದೆಯ ಮೇಲಿನ ಅಂಕಿ ಮಿಸುಕಲಿಲ್ಲ.

"ಇದೇನೋ, ನಿಂತೇ ಹೋಗಿದೆ?"

"ಇಲ್ಲಕ್ಕಾ, ನಡೀತಾ ಇದೆ. ಈಗ ಸರಿಯಾಗಿ ನಡೀತಾ ಇದೆ."

"ಎಷ್ಟು ದಿನಕ್ಕೆ ಮುಗಿಯುತ್ತೆ?"

"ಒಂದು ವಾರ ಆಗ್ಬಹುದು. ಒಂದು ತುಣುಕಿಗೆ."

"ನಂಗೆ ಅಷ್ಟು ಪುರುಸೊತ್ತಿಲ್ಲ ಕಣೋ. ಮೊದಲಿನ ಹಾಗೆ ಮಾಡು. ಏನು ಮಾಡಿದ್ದೆ ಆಗ? ಅದನ್ನೇ ಮಾಡು."

ಮಾಡಬಹುದಾಗಿತ್ತು. ಮತ್ತೆ ಮತ್ತೆ ಕತ್ತು ಹಿಸುಕಿದರೆ ಸಾಕು, ದಿನಕ್ಕೊಂದಾದರೂ ತುಣುಕು ಸರ್ರನೆ ಬಂದು ಹೋಗುತ್ತಿತ್ತು. ಅಕ್ಕ ಇವತ್ತು ಒಂದಾಯ್ತು ಎಂದು ಉಣ್ಣುತ್ತಿದ್ದಳು. ಮೇಷ್ಟ್ರ ಕೈ ಕೀಲಿಮಣೆಯ ಮೇಲೆ ಹೋಯಿತು ಕೂಡ. ಆದರೆ ಆ ತುಣುಕಿಗಾಗಿ ಯಾರ ಮನೆಯ ಅಕ್ಕನೋ ಕಾಯುತ್ತಿದ್ದಳು. ಕೈ ಹಿಂದಕ್ಕೆ ತೆಗೆದರು.

"ಅಕ್ಕಾ, ಆಗ ಓಡ್ತಾ ಇದ್ದದ್ದು ಕೆಲಸ ಅಲ್ಲ" ಎಂದರು. "ಕೆಟ್ಟು ಕೆಟ್ಟು ವಾಪಸು ಹೋಗ್ತಾ ಇತ್ತು. ಅದಕ್ಕೇ ಅಷ್ಟು ಸ್ಪೀಡು. ಕೆಡಿಸಿದ್ದು ನಾನೇ. ರಜ ಅಂದದ್ದೂ ಸುಳ್ಳು."

ಹುಡುಗಿಯರ ಟಕಟಕ ಸದ್ದು ತನ್ನ ಪಾಡಿಗೆ ನಡೆದಿತ್ತು.

"ಅಷ್ಟೊಂದು ಜನಕ್ಕೆ ಹೇಳ್ಕೊಂಡ್ ಬಂದೆನಲ್ಲೋ" ಎಂದಳು ಅಕ್ಕ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕ್ಲಾಸು ತುಂಬಾ ಮಕ್ಕಳಿದ್ದಾರೆ ಎನ್ನುವುದನ್ನೂ ಮರೆತು, ಗಾಲಿಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ತನ್ನ ಮಡಿಲಲ್ಲಿ ಬಿದ್ದಿದ್ದ ಎರಡು ಕೈಗಳನ್ನು ನೋಡಿದಳು, ತಮ್ಮನ ಮುಖ ನೋಡಿದಳು.

"ಅಳಬೇಡ್ವೋ. ಒರೆಸೋಣ ಅಂದ್ರೆ ನನ್ನ ಕೈ ಏಳ್ತಾ ಇಲ್ಲ."